ಪಿಯರ್ ಸೈಡರ್, ಪೆರಿ ಕುಡಿದು ನೋಡಿದವರು ರುಚಿ ಹೇಳಿ (ದಾವಣಗೆರೆ, ಚಿತ್ರದುರ್ಗದವರು)

ಕುಂದುವಾಡ ಕೆರೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಬಿಯರ್, ವೈನ್ ಬಗ್ಗೆ ಇಲ್ಲಿ ಬೇಕಾದಷ್ಟು ಮಾತಾಗಿದೆ. ಮರಸೇಬಿನ (ಪಿಯರ್ ಹಣ್ಣಿನ) ರಸ ಹುದುಗಿಸಿ ಮಾಡುವ ಸೈಡರ್ ಬಗ್ಗೆ ಮಾತ್ರ ಯಾರೂ ಬರೆದಿದ್ದು ಕಾಣಲಿಲ್ಲ. ಇಂಗ್ಲೆಂಡ್‌ನಲ್ಲಿರುವ ನಮ್ಮ ಅಕ್ಕ, ಭಾವ ಊರಿಗೆ ಬಂದಿದ್ದಾರೆ. ವಿದೇಶದಿಂದ ಬರುವವರು ಒಬ್ಬೊಬ್ಬರು 2 ಲೀಟರ್ ಮದ್ಯವನ್ನು ಸುಂಕ ಕಟ್ಟದೆ ತರಬಹುದು. ಇಬ್ಬರ ಪಾಲನ್ನೂ ನನಗೇ ಬಿಟ್ಟುಕೊಟ್ಟು ಬಗೆಬಗೆಯ ಬಾಟಲಿ ತಂದುಕೊಟ್ಟರು. ನಾಲ್ಕು ಜನ ಗೆಳೆಯರು ಸೇರಿ ನಿಧಾನವಾಗಿ ರುಚಿ ನೋಡಿದೆವು.

ಮೊದಲು ಸ್ವೀಡನ್ನಿನ ಕೊಪ್ಪರ್‌ಬರ್ಗ್ ಪಿಯರ್. ಬಣ್ಣ ಹೆಚ್ಚುಕಡಿಮೆ ನೀರಿನದ್ದೇ. ಮುಚ್ಚಳ ತೆಗೆದ ಕೂಡಲೇ ಮಾಗಿದ ಹಣ್ಣಿನ ವಾಸನೆ ಕೋಣೆಗೆಲ್ಲ ಹರಡಿತು. ಸಿಹಿ ಜಾಸ್ತಿ. ಮೊದಲ ಅರ್ಧ ಲೋಟ ಖುಷಿ ಕೊಡುತ್ತದೆ, ಆಮೇಲೆ ನನಗೆ ಸಾಕು ಅನ್ನಿಸಿತು.

ಆಮೇಲೆ ಐರ್ಲೆಂಡಿನ ಮ್ಯಾಗ್ನರ್ಸ್ ಪಿಯರ್. ಸಿಹಿ ಅದಕ್ಕಿಂತ ಕಡಿಮೆ, ಗುಳ್ಳೆ ಜೋರು, ರುಚಿ ತೆಳು. ಮ್ಯಾಗ್ನರ್ಸ್‌ನವರು ಎರಡು ಸಾವಿರದ ದಶಕದಲ್ಲಿ ಐಸ್ ತುಂಬಿದ ಲೋಟಕ್ಕೆ ಸೈಡರ್ ಸುರಿಯುವುದನ್ನೇ ಜಾಹೀರಾತಿನಲ್ಲಿ ತೋರಿಸಿ ಬ್ರಿಟನ್ನಿನಲ್ಲಿ ಹೆಸರು ಮಾಡಿದವರು. ನಾವೂ ಐಸ್ ಹಾಕಿ ಕುಡಿದೆವು. ನಮ್ಮ ಏಪ್ರಿಲ್ ಬಿಸಿಲಿಗೆ ಹಿತವಾಗಿತ್ತು. ಆದರೆ ಐಸ್ ಕರಗಿದ ಮೇಲೆ ಹಣ್ಣು ಎಲ್ಲಿ ಹೋಯಿತು ಅಂತ ಹುಡುಕಬೇಕು.

ಮೂರನೆಯದು ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ನ ಒಬ್ಬ ಸಣ್ಣ ತಯಾರಕರ ಪೆರಿ, ಅಂದರೆ ಮರಸೇಬಿನ ರಸದಿಂದಲೇ ಮಾಡುವ ಹಳೇ ಬಗೆಯ ಮದ್ಯ. ನಾನು ಬರೆಯಲು ಕೂತಿದ್ದೇ ಇದರಿಂದ. ತಿಳಿ ಚಿನ್ನದ ಬಣ್ಣ, ಸ್ವಲ್ಪ ಮಬ್ಬು. ಮೂಗಿಗೆ ಮೊದಲು ಹೂವು, ಆಮೇಲೆ ನಿಂಬೆ ಸಿಪ್ಪೆ. ನಾಲಿಗೆಗೆ ಹುಳಿ ಬಂತು, ಹಿಂದೆಯೇ ಒಗರು ಬಂತು. ಒಸಡು ಸಣ್ಣಗೆ ಬಿಗಿಯಿತು. ನುಂಗಿದ ಮೇಲೆ ಎಲ್ಲಿಂದಲೋ ತೆಳ್ಳಗಿನ ಸಿಹಿ ಬಂದು ಕೂತಿತು. ಮೊದಲಿನ ಎರಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೂರರ ಮೇಲೂ ಮರಸೇಬಿನ ಚಿತ್ರವೇ ಇದೆ. ಇಷ್ಟೊಂದು ವ್ಯತ್ಯಾಸ ಯಾಕೆ? ಗೊತ್ತಿದ್ದವರು ಹೇಳಿ.

ಫ್ರಾನ್ಸಿನ ಒಂದು ದೊಡ್ಡ ಬಾಟಲಿ ಇನ್ನೂ ಫ್ರಿಜ್‌ನಲ್ಲಿದೆ. ತೆಗೆದ ಮೇಲೆ ಬರೆಯುತ್ತೇನೆ.

---

ಮಂಡಕ್ಕಿ ಪ್ರಿಯೆ (ದಾವಣಗೆರೆ, ಈಗ ಬೆಂಗಳೂರು)

ಕೊಪ್ಪರ್‌ಬರ್ಗನ್ನು ಅಷ್ಟು ಬೇಗ ಬದಿಗೆ ಇಡಬೇಡಿ ಅಣ್ಣಾ. ಅದನ್ನು ಸುಮ್ನೆ ಕುಡಿದರೆ ಸಿಹಿ ಅನ್ನಿಸುತ್ತೆ, ಒಪ್ತೀನಿ. ಪಕ್ಕದಲ್ಲಿ ಖಾರ ಮಂಡಕ್ಕಿ, ಬಿಸಿ ಮಿರ್ಚಿ ಇಟ್ಟುಕೊಂಡು ನೋಡಿ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವಾಗ ಊರಿನಿಂದ ಬಂದ ಮಂಡಕ್ಕಿಗೆ ಒಗ್ಗರಣೆ ಹಾಕಿ, ಹಸಿಮೆಣಸಿನಕಾಯಿ ಬಜ್ಜಿ ಕರಿದು, ಜೊತೆಗೆ ತಣ್ಣಗಿನ ಪಿಯರ್ ಸೈಡರ್ ಇಟ್ಟುಕೊಳ್ಳುತ್ತಿದ್ದೆ. ಖಾರ ಏರಿದಾಗ ಒಗರಿನ ಪಾನೀಯ ಕುಡಿದರೆ ಬಾಯಿ ಇನ್ನೂ ಉರಿಯುತ್ತೆ. ಸಿಹಿ ಇದ್ದರೆ ಉರಿ ಇಳಿಯುತ್ತೆ, ಇನ್ನೊಂದು ಮೆಣಸಿನಕಾಯಿಗೆ ಕೈ ಹೋಗುತ್ತೆ.

ನಿಮ್ಮ ಹೆರಿಫರ್ಡ್‌ಶೈರ್ ಪೆರಿ ಒಳ್ಳೆಯದೇ ಇರಬಹುದು. ಆದರೆ ನಮ್ಮೂರ ತಿಂಡಿ ಜೊತೆ ಯಾವುದು ಒಗ್ಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು ಅಲ್ವಾ?

---

ಮೇ ಹಿಲ್ ಕಡೆಯವನು (ಹರಿಹರ, ಈಗ ಗ್ಲಾಸ್ಟರ್)

ನಮಸ್ಕಾರ. ನಾನು ಹರಿಹರದವನು, ಕೆಲಸದ ಮೇಲೆ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ನೆಲೆಸಿದ್ದೇನೆ. ಪೆರಿಯ ತವರೇ ಇದು. ಗ್ಲಾಸ್ಟರ್‌ಶೈರ್, ಹೆರಿಫರ್ಡ್‌ಶೈರ್, ವೂಸ್ಟರ್‌ಶೈರ್, ಈ ಮೂರು ಕೌಂಟಿಗಳಲ್ಲಿ ಪೆರಿ ಮರಗಳು ಶತಮಾನಗಳಿಂದ ಇವೆ. ಮೇ ಹಿಲ್ ಅಂತ ಒಂದು ಗುಡ್ಡ ಇದೆ. ಆ ಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಬೆಳೆದ ಮರದ ಪೆರಿಯೇ ಚೆಂದ ಅನ್ನುವುದು ಇಲ್ಲಿನ ಹಳಬರ ಮಾತು.

ವ್ಯತ್ಯಾಸ ಯಾಕೆ ಅಂತ ಕೇಳಿದ್ದೀರಿ. ಮೊದಲ ಕಾರಣ ಹಣ್ಣು. ನಿಜವಾದ ಪೆರಿಗೆ ಬಳಸುವ ಮರಸೇಬು ನಾವು ತಿನ್ನುವುದಲ್ಲ. ಸಣ್ಣದು, ಗಟ್ಟಿ, ಒಗರು. ಹಾರ್ಟ್‌ಪರಿ ಅನ್ನುವ ಹಳ್ಳಿಯಲ್ಲಿ ಪೆರಿ ಮರಸೇಬಿನ ರಾಷ್ಟ್ರೀಯ ಸಂಗ್ರಹದ ತೋಟ ಇದೆ. ಅಲ್ಲಿಗೆ ಹೋದಾಗ ಮರದ ಕೆಳಗೆ ಬಿದ್ದ ಹಣ್ಣೊಂದನ್ನು ಒರೆಸಿಕೊಂಡು ಕಚ್ಚಿದೆ. ಹೊರಗಿನಿಂದ ಹಳದಿ ಕೆಂಪು, ನೋಡಲು ಬಲು ಚೆಂದ. ಒಳಗೆ ಹಸಿ ಅಡಿಕೆ ಜಗಿದ ಹಾಗೆ! ನಾಲಿಗೆ ಒಣಗಿ ಕೆನ್ನೆ ಒಳಗೆ ಎಳೆದುಕೊಂಡಿತು. ಪಕ್ಕದಲ್ಲಿದ್ದ ಹಿರಿಯರು ನನ್ನ ಮುಖ ನೋಡಿ ನಕ್ಕು, ಅದೇ ತಳಿಯ ಪೆರಿಯನ್ನು ಲೋಟಕ್ಕೆ ಹಾಕಿಕೊಟ್ಟರು. ಆ ಒಗರೆಲ್ಲ ಲೋಟದಲ್ಲಿ ಮೆತ್ತಗಾಗಿ, ರುಚಿಗೆ ಒಂದು ಬೆನ್ನೆಲುಬು ಬಂದಿತ್ತು.

ತಳಿಗಳ ಹೆಸರು ಕೇಳಿ: ಥಾರ್ನ್, ಬ್ಲೇಕ್ನಿ ರೆಡ್, ಮೂರ್‌ಕ್ರಾಫ್ಟ್, ಬಟ್, ಜಿನ್, ಓಲ್ಡ್‌ಫೀಲ್ಡ್, ಹೆಂಡ್ರೆ ಹಫ್‌ಕ್ಯಾಪ್, ಟೇಂಟನ್ ಸ್ಕ್ವಾಶ್. ಥಾರ್ನ್‌ನದು ನಿಂಬೆಯಷ್ಟು ಚುರುಕು ಹುಳಿ. ಬ್ಲೇಕ್ನಿ ರೆಡ್ ಮೆದು, ಎಲ್ಲರಿಗೂ ಹಿಡಿಸುವಂಥದ್ದು. ಹೊಸಬರು ಇದರಿಂದ ಶುರು ಮಾಡುವುದು ಒಳ್ಳೆಯದು. ಮೂರ್‌ಕ್ರಾಫ್ಟ್ ಮರದಿಂದ ಬಿದ್ದ ಕೆಲವೇ ದಿನಗಳಲ್ಲಿ ಅರೆಯಬೇಕು, ಇಲ್ಲದಿದ್ದರೆ ಒಳಗಿಂದಲೇ ಕೊಳೆಯುತ್ತದೆ. ಬಟ್ ಹಾಗಲ್ಲ, ಹುಲ್ಲಿನ ಮೇಲೆ ವಾರಗಟ್ಟಲೆ ಬಿದ್ದಿದ್ದರೂ ಜಗ್ಗುವುದಿಲ್ಲ.

ಮರಗಳ ಆಯಸ್ಸು ಕೇಳಿದರೆ ಆಶ್ಚರ್ಯ ಆಗುತ್ತದೆ. 300 ವರ್ಷ ಬದುಕುವ ಮರಗಳಿವೆ. ಮಚ್ ಮಾರ್ಕಲ್ ಹಳ್ಳಿಯ ಹೆಲೆನ್ಸ್ ಬಂಗಲೆಯ ಮುಂದೆ 1710ರ ಆಸುಪಾಸಿನಲ್ಲಿ ಸಾಲಾಗಿ ನೆಟ್ಟ ಪೆರಿ ಮರಗಳಲ್ಲಿ ಕೆಲವು ಇನ್ನೂ ಹಣ್ಣು ಬಿಡುತ್ತವೆ. ಹೋಮ್ ಲೇಸಿ ಅನ್ನುವಲ್ಲಿ ಒಂದು ಮರದ ಕೊಂಬೆಗಳು ನೆಲಕ್ಕೆ ತಾಗಿ, ಅಲ್ಲೇ ಬೇರು ಬಿಟ್ಟು, 1790ರ ಹೊತ್ತಿಗೆ ಮುಕ್ಕಾಲು ಎಕರೆ ಹರಡಿತ್ತಂತೆ. ಮರಸೇಬು ನೆಡುವುದು ಮೊಮ್ಮಕ್ಕಳಿಗಾಗಿ ಅಂತ ಇಲ್ಲಿ ಗಾದೆಯೇ ಇದೆ. ನೆಟ್ಟವನಿಗೆ ಫಸಲು ಸಿಗುವುದು ಅಷ್ಟು ತಡ.

ಎರಡನೆಯ ಕಾರಣ ರಸ. ದೊಡ್ಡ ಕಾರ್ಖಾನೆಗಳ ಪಿಯರ್ ಸೈಡರಿಗೆ ಹೆಚ್ಚಾಗಿ ಗಟ್ಟಿ ಮಾಡಿದ ರಸ ತಂದು, ನೀರು ಬೆರೆಸಿ ಹುದುಗಿಸುತ್ತಾರೆ. ಆಮೇಲೆ ಸಕ್ಕರೆ, ಗ್ಯಾಸ್ ಸೇರಿಸುತ್ತಾರೆ. ಬ್ರಿಟನ್ನಿನ ನಿಯಮದಲ್ಲಿ ರಸದ ಪಾಲು ಶೇ. 35 ಇದ್ದರೂ ಸಾಕು. ಸಣ್ಣ ತಯಾರಕರು ಬರೀ ರಸದಿಂದಲೇ ಮಾಡುತ್ತಾರೆ. ಲೇಬಲ್ ತಿರುಗಿಸಿ ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಣ್ಣಿನ ತಳಿ, ಕೊಯ್ದ ವರ್ಷ ಬರೆದಿದ್ದಾರೆ ಅಂದರೆ ಧೈರ್ಯವಾಗಿ ತಗೊಳ್ಳಿ.

---

ಗುಂಡಿ ಸರ್ಕಲ್ (ದಾವಣಗೆರೆ)

ಓದುತ್ತಾ ಬಾಯಲ್ಲಿ ನೀರು ಬಂತು. ಇದು ನಮ್ಮೂರಲ್ಲಿ ಎಲ್ಲಿ ಸಿಗುತ್ತೆ ಹೇಳಿ ಸ್ವಾಮಿ.

---

ಕುಂದುವಾಡ ಕೆರೆ

ನಾನು ವಿಚಾರಿಸಿದ ಯಾವ ಅಂಗಡಿಯಲ್ಲೂ ಇಲ್ಲ ಗುರುಗಳೇ. ಒಂದು ಕಡೆ ಸೈಡರ್ ಅಂದಿದ್ದಕ್ಕೆ ಸೇಬಿನ ವಿನೆಗರ್ ತಂದು ಮುಂದಿಟ್ಟರು. ಸದ್ಯಕ್ಕೆ ಹೊರದೇಶದಿಂದ ಬರುವ ನೆಂಟರೇ ದಾರಿ.

---

ಜೋಗಿಮಟ್ಟಿ (ಚಿತ್ರದುರ್ಗ)

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕುಡಿಯುವುದು ಅಪರೂಪ. ಆದರೆ ಹುದುಗುವಿಕೆಯ ವಿಷಯ ನನಗೆ ಇಷ್ಟದ್ದು, ಹಾಗಾಗಿ ಎರಡು ಮಾತು.

ಪೆರಿ ಪೂರ್ತಿ ಹುದುಗಿದ ಮೇಲೂ ಕೊನೆಯಲ್ಲಿ ಸಣ್ಣ ಸಿಹಿ ಉಳಿಯಿತು ಅಂತ ಬರೆದಿದ್ದೀರಲ್ಲ, ಅದು ಸಾರ್ಬಿಟಾಲ್ ಅನ್ನುವ ಸಿಹಿ ಪದಾರ್ಥ. ಮರಸೇಬಿನಲ್ಲಿ ಇದು ಸೇಬಿಗಿಂತ ಜಾಸ್ತಿ. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮದ್ಯ ಮಾಡುತ್ತದೆ, ಸಾರ್ಬಿಟಾಲನ್ನು ಮಾತ್ರ ಅದಕ್ಕೆ ತಿನ್ನಲು ಬರುವುದಿಲ್ಲ. ಹಾಗಾಗಿ ಅದು ಹಾಗೇ ಉಳಿಯುತ್ತದೆ. ನಮ್ಮ ಕರುಳಿಗೂ ಅದನ್ನು ಪೂರ್ತಿ ಹೀರಿಕೊಳ್ಳಲು ಆಗುವುದಿಲ್ಲ. ಜಾಸ್ತಿ ಕುಡಿದರೆ ಹೊಟ್ಟೆ ಸಡಿಲವಾಗುತ್ತದೆ. ಮರುದಿನ ಪ್ರಯಾಣ ಇದ್ದವರು ಒಂದು ಲೋಟಕ್ಕೆ ನಿಲ್ಲಿಸುವುದು ಲೇಸು.

ಇನ್ನು ಒಗರು. ಅದು ಟ್ಯಾನಿನ್. ನಮ್ಮ ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ, ಜಾರುವಿಕೆ ಹೋಗಿ ಬಾಯಿ ಒಣಗಿದಂತೆ ಅನ್ನಿಸುತ್ತದೆ. ತೀರಾ ಒಗರಿನ ತಳಿಗಳನ್ನು ಅರೆದ ಮೇಲೆ ಕೂಡಲೇ ಹಿಂಡುವುದಿಲ್ಲ. ಒಂದು ರಾತ್ರಿ ಹಾಗೇ ಬಿಡುತ್ತಾರೆ. ಅಷ್ಟರಲ್ಲಿ ಟ್ಯಾನಿನ್‌ನ ಒಂದು ಪಾಲು ಹಿಪ್ಪೆಗೆ ಅಂಟಿ ಕೂರುತ್ತದೆ, ರಸಕ್ಕೆ ಬರುವ ಒಗರು ಹದವಾಗುತ್ತದೆ. ಎರಡು ಪೆರಿಗಳನ್ನು ಬೆರೆಸಿದರೆ ಕೆಲವೊಮ್ಮೆ ಮಬ್ಬು ಕಟ್ಟಿ ತಳಕ್ಕೆ ಗಸಿ ಇಳಿಯುವುದಕ್ಕೂ ಇದೇ ಟ್ಯಾನಿನ್ ಕಾರಣ. ಅದಕ್ಕೇ ಪೆರಿ ಮಾಡುವವರು ಬೆರಕೆಗೆ ಹೆದರುತ್ತಾರೆ, ಒಂದೇ ತಳಿಯ ಬಾಟಲಿಗಳು ಜಾಸ್ತಿ ಸಿಗುತ್ತವೆ. ಬಾಟಲಿಯ ತಳದಲ್ಲಿ ಗಸಿ ಕಂಡರೆ ಕೆಟ್ಟಿದೆ ಅಂದುಕೊಳ್ಳಬೇಡಿ.

ಕೆಟ್ಟಿದ್ದು ಗೊತ್ತಾಗುವುದು ಮೂಗಿನಿಂದ. ಮರಸೇಬಿನಲ್ಲಿ ಸಿಟ್ರಿಕ್ ಆಮ್ಲ ಇರುತ್ತದೆ. ಸ್ವಚ್ಛತೆ ತಪ್ಪಿದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಅದನ್ನು ಅಸಿಟಿಕ್ ಆಮ್ಲ ಮಾಡಿಬಿಡುತ್ತವೆ. ಅಂದರೆ ವಿನೆಗರ್ ವಾಸನೆ. ಪೆರಿ ಸೇಬಿನ ಸೈಡರಿಗಿಂತ ನಾಜೂಕು ಅನ್ನುವುದು ಇದಕ್ಕೇ.

---

ಹಿರಿಯೂರು ದಾರಿ (ಚಿತ್ರದುರ್ಗ ಜಿಲ್ಲೆ)

ಸರ್, ಒಂದು ಪ್ರಶ್ನೆ. ಮಳೆಗಾಲದಲ್ಲಿ ಗಾಡಿಯಲ್ಲಿ ಉಪ್ಪು ಖಾರ ಹಚ್ಚಿ ಮಾರುವ ಬೇರಿಕಾಯಿ ಇದೆಯಲ್ಲ, ಅದೂ ಮರಸೇಬಿನ ಜಾತಿಯೇ ತಾನೇ? ಗಟ್ಟಿ, ಸ್ವಲ್ಪ ಒಗರು. ಅದರಿಂದ ಮನೆಯಲ್ಲೇ ಪೆರಿ ಮಾಡಿದರೆ ಹೇಗೆ?

---

ಜೋಗಿಮಟ್ಟಿ

ಜಾತಿ ಅದೇ ಅಪ್ಪಾ. ಕಚ್ಚಿದಾಗ ಹಲ್ಲಿಗೆ ಮರಳು ಸಿಕ್ಕಂತೆ ಆಗುತ್ತದಲ್ಲ, ಆ ಕಲ್ಲುಕೋಶಗಳು ಮರಸೇಬಿನ ಗುರುತು. ಉತ್ತರದಿಂದ ಬರುವ ಬಬ್ಬುಗೋಶ, ನಾಖ್ ಕೂಡ ಮರಸೇಬೇ. ಆದರೆ ಬಬ್ಬುಗೋಶದಂಥ ತಿನ್ನುವ ಹಣ್ಣಿನಲ್ಲಿ ಸಿಹಿ ಇದೆ, ಹುಳಿ ಒಗರು ಸಾಲದು. ಹುದುಗಿಸಿದರೆ ಸಪ್ಪೆ. ಬೇರಿಕಾಯಿಯಲ್ಲಿ ಸ್ವಲ್ಪ ಒಗರು ಇರುವುದರಿಂದ ಯಾರಾದರೂ ಪರೀಕ್ಷೆ ಮಾಡಬೇಕಾದ ಹಣ್ಣು ಅದು.

ಮನೆಯಲ್ಲಿ ಮಾತ್ರ ಬೇಡ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಣ್ಣಿನದ್ದು ಅಂದರೂ ಬಿಡುವುದಿಲ್ಲ. ಲೈಸೆನ್ಸ್ ಇರುವ ವೈನರಿಯವರು ಯಾರಾದರೂ ಕೈ ಹಾಕಿದರೆ ನಾನೇ ಹೋಗಿ ನಿಂತು ನೋಡಲು ತಯಾರು.

---

ಹದಡಿ ರಸ್ತೆ (ದಾವಣಗೆರೆ)

ಬಾಟಲಿ ಇಡುವ ವಿಷಯ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಆದದ್ದು ಕೇಳಿ. ಸಣ್ಣ ತಯಾರಕರ ಒಂದು ಬಾಟಲಿ ಬೆಂಗಳೂರು ವಿಮಾನ ನಿಲ್ದಾಣದಿಂದ ಕಾರಿನ ಡಿಕ್ಕಿಯಲ್ಲಿ ಬಂತು. ಮೇ ತಿಂಗಳು. ತುಮಕೂರು, ಹಿರಿಯೂರು, ಚಿತ್ರದುರ್ಗ ದಾಟಿ ಮನೆ ಮುಟ್ಟುವ ಹೊತ್ತಿಗೆ ಬಾಟಲಿ ಮುಟ್ಟಿದರೆ ಬೆಚ್ಚಗಿತ್ತು. ಆಮೇಲೂ ಅಡುಗೆಮನೆಯ ಅಟ್ಟದ ಮೇಲೆ ಕೆಲವು ವಾರ ಇತ್ತು. ಭಾನುವಾರ ಎಲ್ಲರೂ ಕೂತಾಗ ತಂತಿ ಬಿಚ್ಚಿದರೆ ಬಿರಡೆ ತಾನೇ ಹಾರಿ ಸೀಲಿಂಗಿಗೆ ಬಡಿಯಿತು. ಅರ್ಧಕ್ಕಿಂತ ಜಾಸ್ತಿ ನೊರೆಯಾಗಿ ಮೇಜಿನ ಮೇಲೆ ಹರಿಯಿತು. ಉಳಿದದ್ದು ರುಚಿ ಚೆನ್ನಾಗಿಯೇ ಇತ್ತು, ಆದರೆ ಐದು ಜನಕ್ಕೆ ತಲಾ ಎರಡು ಗುಟುಕು.

---

ಮೇ ಹಿಲ್ ಕಡೆಯವನು

ಅದು ಬಾಟಲಿಯೊಳಗೇ ಹುದುಗಿ ಗುಳ್ಳೆ ಬರುವಂಥದ್ದು ಇರಬೇಕು. ಒಳಗೆ ಯೀಸ್ಟ್ ಜೀವಂತ ಇರುತ್ತದೆ, ಸ್ವಲ್ಪ ಸಕ್ಕರೆಯೂ ಇರುತ್ತದೆ. ಬಿಸಿಗೆ ಇಟ್ಟರೆ ಮತ್ತೆ ಹುದುಗಿ ಒತ್ತಡ ಏರುತ್ತದೆ. ನಮ್ಮ ಕಡೆಯ ಬೇಸಿಗೆಗೆ ಇಂಥ ಬಾಟಲಿ ಬಂದ ದಿನವೇ ಫ್ರಿಜ್ ಸೇರಬೇಕು, ನೆಟ್ಟಗೆ ನಿಲ್ಲಿಸಬೇಕು. ಬಿರಡೆ ತೆಗೆಯುವಾಗ ಮುಖದ ಕಡೆ ಹಿಡಿಯಬೇಡಿ, ಮೇಲೆ ಟವೆಲ್ ಹಾಕಿ. ಗಾಜು ಸಿಡಿದರೆ ಕಷ್ಟ.

ಕಾರ್ಖಾನೆಯ ಪಿಯರ್ ಸೈಡರಿಗೆ ಈ ತಾಪತ್ರಯ ಇಲ್ಲ. ಬಿಸಿ ಮಾಡಿ ಅಥವಾ ಸೋಸಿ ಯೀಸ್ಟ್ ತೆಗೆದಿರುತ್ತಾರೆ.

---

ವಿದ್ಯಾನಗರ ಅಕ್ಕ (ದಾವಣಗೆರೆ)

ನಮ್ಮನೆಯವರಿಗೆ ಸಕ್ಕರೆ ಕಾಯಿಲೆ. ಹಣ್ಣಿನದ್ದು ಅಂತ ಕುಡಿಯಬಹುದಾ ಅಂತ ಕೇಳ್ತಿದ್ದಾರೆ.

---

ಜೋಗಿಮಟ್ಟಿ

ಹಣ್ಣಿನದ್ದು ಅನ್ನುವ ಧೈರ್ಯದ ಮೇಲೆ ಕುಡಿಯುವುದು ಬೇಡಮ್ಮ. ಸಿಹಿ ಬಗೆಯವುಗಳಲ್ಲಿ ಸಕ್ಕರೆ ಚೆನ್ನಾಗಿಯೇ ಇರುತ್ತದೆ. ಮದ್ಯಕ್ಕೂ ಸಕ್ಕರೆ ಕಾಯಿಲೆಯ ಮಾತ್ರೆಗಳಿಗೂ ಹೊಂದಾಣಿಕೆ ಆಗದೆ ಇರಬಹುದು. ಅವರ ಡಾಕ್ಟರನ್ನೇ ಕೇಳಿ.

---

ಕುಂದುವಾಡ ಕೆರೆ

ಫ್ರಾನ್ಸಿನ ಬಾಟಲಿ ತೆಗೆದೆವು. ಹದಡಿ ರಸ್ತೆಯವರ ಮಾತು ಓದಿದ್ದರಿಂದ ಟವೆಲ್ ಹಾಕಿಯೇ ಬಿಚ್ಚಿದ್ದು.

ಇದು ನಾರ್ಮಂಡಿ ಕಡೆಯ ಪ್ವಾರೆ ದೊಂಫ್ರೋಂ (ಪ್ವಾರೆ ಅಂದರೆ ಫ್ರೆಂಚಿನಲ್ಲಿ ಪೆರಿ). ಭಾವ ಇದರ ಬಗ್ಗೆ ಓದಿಕೊಂಡೇ ತಂದಿದ್ದರು. ಶಾಂಪೇನ್‌ಗೆ ಇರುವಂಥ ಊರಿನ ಹೆಸರಿನ ಮಾನ್ಯತೆ ಇದಕ್ಕೆ 2002ರಲ್ಲಿ ಸಿಕ್ಕಿದೆ. ಪ್ಲಾಂ ದ ಬ್ಲಾಂ ಅನ್ನುವ ತಳಿಯ ಪಾಲು ಕನಿಷ್ಠ ಶೇ. 40 ಇರಲೇಬೇಕು. ಹೊರಗಿನಿಂದ ಗ್ಯಾಸ್ ತುಂಬುವಂತಿಲ್ಲ, ಗುಳ್ಳೆ ಬಾಟಲಿಯಲ್ಲೇ ಹುಟ್ಟಬೇಕು. ಮದ್ಯದ ಪ್ರಮಾಣ ಶೇ. 4ರ ಆಸುಪಾಸು, ಬಿಯರಿಗಿಂತ ಹಗುರ.

ಸಂಜೆ ಟೆರೇಸ್ ಮೇಲೆ ಕೂತಿದ್ದೆವು. ಗುಳ್ಳೆ ಎಷ್ಟು ಸಣ್ಣ ಅಂದರೆ ಲೋಟದ ತಳದಿಂದ ದಾರ ಎಳೆದಂತೆ ಸಾಲಾಗಿ ಏರುತ್ತಿತ್ತು. ತಿಳಿ ಹಸಿರು ಮಿಶ್ರ ಹಳದಿ ಬಣ್ಣ. ವಾಸನೆಯಲ್ಲಿ ಬಿಳಿ ಹೂವು, ಆಗತಾನೇ ಹೆಚ್ಚಿದ ಮರಸೇಬು. ಸಿಹಿ ಇದೆ, ಆದರೆ ಹುಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಒಗರು ಬಹಳ ಕಡಿಮೆ. ಹೆರಿಫರ್ಡ್‌ಶೈರ್‌ನದಕ್ಕೆ ಹೋಲಿಸಿದರೆ ಇದು ಸಲೀಸಾಗಿ ಇಳಿಯುತ್ತದೆ, ಕುಡಿಯದ ಅಮ್ಮನೂ ವಾಸನೆ ನೋಡಿ ಚೆನ್ನಾಗಿದೆ ಅಂದರು.

ಮಂಡಕ್ಕಿ ಪ್ರಿಯೆ ಅವರ ಮಾತಿಗೆ ಬೆಲೆ ಕೊಟ್ಟು ತಿಂಡಿ ಜೊತೆಗೂ ನೋಡಿದೆವು. ಖಾರ ಮಂಡಕ್ಕಿ ಜೊತೆ ಕೊಪ್ಪರ್‌ಬರ್ಗ್ ನೀವು ಹೇಳಿದಂತೆಯೇ ಇತ್ತು ತಾಯಿ, ಖಾರಕ್ಕೆ ಅದೇ ಸರಿ. ಬೆಣ್ಣೆ ದೋಸೆ ಪಾರ್ಸಲ್ ತರಿಸಿದ್ದೆವು. ದೋಸೆ ಬಾಯಲ್ಲಿ ಇಟ್ಟರೆ ಬೆಣ್ಣೆ ನಾಲಿಗೆಗೆ ಪದರವಾಗಿ ಕೂರುತ್ತದೆ. ದೊಂಫ್ರೋಂ ಒಂದು ಗುಟುಕು ಆ ಪದರವನ್ನು ತೊಳೆದು, ಮುಂದಿನ ತುತ್ತು ಮೊದಲ ತುತ್ತಿನಷ್ಟೇ ರುಚಿ ಕೊಟ್ಟಿತು. ಈ ಜೋಡಿಯನ್ನು ನಾನು ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ. ಕೆಂಪು ಚಟ್ನಿ ಮಾತ್ರ ದೂರ ಇಡಿ, ಬೆಳ್ಳುಳ್ಳಿ ಎಲ್ಲವನ್ನೂ ನುಂಗಿಬಿಡುತ್ತದೆ.

ಇನ್ನೊಂದು. ಸ್ಟೀಲ್ ಲೋಟ ಬೇಡ. ಬಾಯಿ ಸ್ವಲ್ಪ ಕಿರಿದಾದ ಗಾಜಿನ ಲೋಟದಲ್ಲಿ ವಾಸನೆ ನಿಲ್ಲುತ್ತದೆ. ಫ್ರಿಜ್‌ನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು ಕುಡಿಯಿರಿ. ತೀರಾ ತಣ್ಣಗಿದ್ದರೆ ಒಳ್ಳೆಯ ಪೆರಿ, ಸಾದಾ ಪಿಯರ್ ಸೈಡರ್ ಎರಡೂ ಒಂದೇ ಅನ್ನಿಸುತ್ತವೆ.

---

ಮಂಡಕ್ಕಿ ಪ್ರಿಯೆ

ತುಂಬಾ ಖುಷಿ ಆಯ್ತು ಅಣ್ಣಾ. ಬೇಬಿಶಾಮ್ ಹೆಸರು ಯಾರಾದರೂ ಹೇಳ್ತಾರೆ ಅಂತ ಕಾಯ್ತಿದ್ದೆ. ಪುಟ್ಟ ಬಾಟಲಿ, ಮೇಲೆ ಜಿಂಕೆ ಮರಿ. ಸಾಮರ್ಸೆಟ್‌ನ ಶೆಪ್ಟನ್ ಮ್ಯಾಲೆಟ್ ಊರಿನ ಶವರಿಂಗ್ ಮನೆತನದವರು 1953ರಲ್ಲಿ ಮಾರುಕಟ್ಟೆಗೆ ಬಿಟ್ಟ ಪೆರಿ ಅದು. 1957ರಲ್ಲಿ ಬ್ರಿಟನ್ ಟಿವಿಯಲ್ಲಿ ಜಾಹೀರಾತು ಬಂದ ಮೊದಲ ಮದ್ಯ ಅಂತ ಹೆಸರು. ಆಗ ಪಬ್ಬಿನಲ್ಲಿ ಹೆಂಗಸರು ಮುಜುಗರ ಇಲ್ಲದೆ ಕೇಳಿ ತರಿಸಿಕೊಳ್ಳುವ ಪಾನೀಯ ಕಡಿಮೆ. ಅಲ್ಲಿ ನಾನಿದ್ದ ಮನೆಯ ಒಡತಿ ಅಜ್ಜಿ ಅದನ್ನು ನೆನೆಸಿಕೊಂಡಾಗ ಮುಖ ಅರಳುತ್ತಿತ್ತು. ಸಿಹಿ ಬಗೆಯನ್ನು ನಾನು ಬಿಟ್ಟುಕೊಡದೆ ಇರುವುದಕ್ಕೆ ಇದೂ ಒಂದು ಕಾರಣ. ಎಷ್ಟೋ ಜನರಿಗೆ ಮೊದಲ ಬಾಗಿಲು ಅದೇ.

---

ಮೇ ಹಿಲ್ ಕಡೆಯವನು

ನಿಜ ಅಕ್ಕ, ಒಪ್ಪಿದೆ. ಆದರೆ ಆ ಬಾಗಿಲಲ್ಲೇ ನಿಂತುಬಿಟ್ಟರೆ ಹಳೆಯ ಮರಗಳನ್ನು ಉಳಿಸುವವರು ಯಾರು? ಇಲ್ಲಿ ಎಷ್ಟೋ ತೋಟಗಳನ್ನು ಕಡಿದು ಹಾಕಿದ್ದಾರೆ, ಕೆಲವು ತಳಿಗಳ ಮರ ಬೆರಳೆಣಿಕೆಯಷ್ಟು ಉಳಿದಿವೆ. ಹೆರಿಫರ್ಡ್‌ಶೈರ್‌ನ ಟಾಮ್ ಆಲಿವರ್ ಅವರಂಥ ಕೆಲವರು ಹಟ ಹಿಡಿದು ಪೆರಿ ಮಾಡುವುದರಿಂದ ಆ ಹಣ್ಣಿಗೆ ಬೆಲೆ ಬಂದಿದೆ. ಕೊಳ್ಳುವವರು ಇದ್ದರೆ ಮರ ನಿಲ್ಲುತ್ತದೆ. ನಾನು ಸ್ವಲ್ಪ ದುಡ್ಡು ಜಾಸ್ತಿಯಾದರೂ ಅವರ ಬಾಟಲಿಯನ್ನೇ ಕೊಳ್ಳುವುದು ಇದಕ್ಕೆ.

ದೀಪಾವಳಿಗೆ ಊರಿಗೆ ಬರುತ್ತಿದ್ದೇನೆ. ನನ್ನ 2 ಲೀಟರಿನಲ್ಲಿ ಜಾಗ ಇದೆ. ಯಾವುದು ಬೇಕು ಹೇಳಿ.

---

ಕುಂದುವಾಡ ಕೆರೆ

ಅಣ್ಣಾ, ಥಾರ್ನ್ ಒಂದು, ಬ್ಲೇಕ್ನಿ ರೆಡ್ ಒಂದು. ಎರಡೂ ಒಂದೇ ತಯಾರಕರದ್ದು, ಒಂದೇ ವರ್ಷದ್ದು ಸಿಕ್ಕರೆ ಇನ್ನೂ ಒಳ್ಳೆಯದು, ತಳಿಯ ವ್ಯತ್ಯಾಸ ನೇರ ಗೊತ್ತಾಗುತ್ತದೆ. ದುಡ್ಡು ಈಗಲೇ ಕಳಿಸುತ್ತೇನೆ. ಜೋಗಿಮಟ್ಟಿ ಸರ್, ಚಿತ್ರದುರ್ಗದಿಂದ ಬಸ್ಸಿಗೆ ಒಂದು ತಾಸು ಸ್ವಲ್ಪ ಚಿಲ್ಲರೆ, ನೀವೂ ಬರಲೇಬೇಕು.

---

ಜೋಗಿಮಟ್ಟಿ

ಬರುತ್ತೇನೆ. ಅಷ್ಟರೊಳಗೆ ಬೇರಿಕಾಯಿ ಸಿಕ್ಕರೆ ಒಂದು ಚೀಲ ತರುತ್ತೇನೆ, ಥಾರ್ನ್ ಪಕ್ಕದಲ್ಲಿ ಕಚ್ಚಿ ಹೋಲಿಸೋಣ.

---

ಗುಂಡಿ ಸರ್ಕಲ್

ನನ್ನದೂ ಒಂದು ಲೋಟ ಸೇರಿಸಿಕೊಳ್ಳಿ ಸ್ವಾಮಿ. ಬೆಣ್ಣೆ ದೋಸೆ ಖರ್ಚು ನನ್ನದು.